ಆಸ್ಪತ್ರೆಯಲ್ಲಿ ಹಿರಿಯರಿಗೆ ಬರುವ ‘ಸನ್ನಿ’: ಕಾರ್ಡ್ ಕೊಡದ ಮದ್ದು ನಮ್ಮ ಸಂಘಗಳ ಕೈಯಲ್ಲಿದೆ

ಪ್ರಾಯ ಎಪ್ಪತ್ತು ದಾಟಿದವರೆಲ್ಲರಿಗೂ, ಆದಾಯ ಎಷ್ಟೇ ಇರಲಿ, ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆ ದೊರಕಿಸುವ ಆಯುಷ್ಮಾನ್ ಭಾರತ್ ಯೋಜನೆಯ ವಿಸ್ತರಣೆಗೆ ಕೇಂದ್ರ ಸರಕಾರ 2024ರ ಅಕ್ಟೋಬರ್ 29ರಂದು ಚಾಲನೆ ನೀಡಿತು. ‘ವಯ ವಂದನಾ’ ಎಂಬ ಹೆಸರಿನ ಈ ಕಾರ್ಡನ್ನು ನಮ್ಮ ಹಿರಿಯರೆಲ್ಲರೂ ಮಾಡಿಸಿಕೊಳ್ಳಬೇಕು ಎಂಬುದರಲ್ಲಿ ಎರಡು ಮಾತಿಲ್ಲ. ಹಣದ ಚಿಂತೆಯಿಂದ ಮೊಣಕಾಲು, ಪ್ರಾಸ್ಟೇಟ್, ಹರ್ನಿಯಾ ಎಂದು ಶಸ್ತ್ರಚಿಕಿತ್ಸೆಗಳನ್ನು ವರ್ಷಗಟ್ಟಲೆ ಮುಂದೂಡುತ್ತಾ ಬಂದ ಅಜ್ಜ-ಅಜ್ಜಿಯಂದಿರು ಇನ್ನು ಆಸ್ಪತ್ರೆ ಸೇರುವ ಧೈರ್ಯ ಮಾಡಬಹುದು.

ಆದರೆ ಕಾರ್ಡ್ ಕೊಡುವುದು ಹಾಸಿಗೆ, ಔಷಧ ಮತ್ತು ಶಸ್ತ್ರಚಿಕಿತ್ಸೆಯ ಖರ್ಚನ್ನು. ಹಾಸಿಗೆಯ ಪಕ್ಕದಲ್ಲಿ ಕುಳಿತು, ‘ಅಮ್ಮಾ, ಇದು ಆಸ್ಪತ್ರೆ, ಇವತ್ತು ಮಂಗಳವಾರ, ನಿಮ್ಮ ಕನ್ನಡಕ ಇಗೊಳ್ಳಿ’ ಎಂದು ನಮ್ಮ ಭಾಷೆಯಲ್ಲಿ ಹೇಳುವ ಒಬ್ಬರನ್ನು ಅದು ಕೊಡಲಾರದು. ಇಷ್ಟು ಸಣ್ಣ ಮಾತಿಗೆ ಏನು ಮಹತ್ವ ಎಂದು ಕೇಳಬಹುದು. ಹಿರಿಯ ರೋಗಿಗಳಿಗೆ ಆಸ್ಪತ್ರೆಯಲ್ಲಿ ದಿಢೀರನೆ ಬರುವ ಚಿತ್ತಭ್ರಮೆಯನ್ನು, ಅಂದರೆ ವೈದ್ಯರು ಡೆಲಿರಿಯಮ್ ಎನ್ನುವುದನ್ನು, ತಡೆಯುವಲ್ಲಿ ಇಂಥ ಸಣ್ಣ ಉಪಚಾರಗಳೇ ಅತ್ಯಂತ ಪರಿಣಾಮಕಾರಿ ಎಂದು ವೈದ್ಯವಿಜ್ಞಾನ ಕಳೆದ 25 ವರ್ಷಗಳಿಂದ ಹೇಳುತ್ತಾ ಬಂದಿದೆ. ತಡೆಯುವ ಮಾತ್ರೆ ಅಥವಾ ಇಂಜೆಕ್ಷನ್ ಎಂದು ಖಚಿತವಾಗಿ ಹೇಳಬಹುದಾದದ್ದು ಇಂದಿಗೂ ಇಲ್ಲ.

ಥಾಣೆ, ಡೊಂಬಿವಲಿ, ಕಲ್ಯಾಣ್, ನವಿಮುಂಬಯಿಯಲ್ಲಿ ನೆಲೆಸಿರುವ ತುಳು-ಕನ್ನಡಿಗರಿಗೆ ಈ ವಿಷಯ ಏಕೆ ವಿಶೇಷವಾಗಿ ಮುಖ್ಯ, ನಮ್ಮ ಸಂಘ-ಸಂಸ್ಥೆಗಳಿಂದ ಏನು ಸಾಧ್ಯ ಎಂಬುದನ್ನು ಪರಿಶೀಲಿಸುವುದು ಈ ಬರಹದ ಉದ್ದೇಶ.

ಅರಳುಮರಳೂ ಅಲ್ಲ, ಹುಚ್ಚೂ ಅಲ್ಲ

ಊರಿನ ಹಿರಿಯರಿಗೆ ಈ ಸ್ಥಿತಿ ಹೊಸದೇನಲ್ಲ. ವಿಷಮಜ್ವರ ಏರಿದಾಗ ರೋಗಿ ಬಡಬಡಿಸಿದರೆ ‘ಸನ್ನಿ ಹಿಡಿಯಿತು’ ಎನ್ನುತ್ತಿದ್ದರು. ಮನೆಯವರು ಸರದಿಯಲ್ಲಿ ರಾತ್ರಿಯಿಡೀ ಪಕ್ಕದಲ್ಲಿ ಕೂರುತ್ತಿದ್ದರು. ಡೆಲಿರಿಯಮ್ ಎಂಬ ಲ್ಯಾಟಿನ್ ಶಬ್ದದ ಮೂಲಾರ್ಥವೂ ಕೃಷಿಕರಿಗೆ ಕೂಡಲೇ ಅರ್ಥವಾಗುವಂಥದ್ದು: ಉಳುವ ನೇಗಿಲು ಸಾಲು ಬಿಟ್ಟು ಹೊರಗೆ ಹೋಗುವುದು. ಮನಸ್ಸು ಸಾಲು ತಪ್ಪಿದೆ, ಮತ್ತೆ ಸಾಲಿಗೆ ತರಬಹುದು ಎಂಬ ಸೂಚನೆ ಆ ಶಬ್ದದಲ್ಲೇ ಇದೆ.

ಮರೆಗುಳಿತನ ಅಥವಾ ಅರಳುಮರಳು ತಿಂಗಳು, ವರ್ಷಗಳ ಅವಧಿಯಲ್ಲಿ ನಿಧಾನವಾಗಿ ಬರುತ್ತದೆ. ಸನ್ನಿ ಹಾಗಲ್ಲ, ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ಕಾಣಿಸಿಕೊಳ್ಳುತ್ತದೆ. ಬೆಳಿಗ್ಗೆ ಸರಿ ಇದ್ದವರು ಸಂಜೆ ಕತ್ತಲಾಗುತ್ತಿದ್ದಂತೆ ಕೆಡುತ್ತಾರೆ, ಮರುದಿನ ಬೆಳಿಗ್ಗೆ ಮತ್ತೆ ಸ್ವಲ್ಪ ಸರಿಯಾಗುತ್ತಾರೆ. ಗಮನ ನಿಲ್ಲುವುದಿಲ್ಲ, ಕೇಳಿದ ಪ್ರಶ್ನೆಗೆ ಅರ್ಧ ಉತ್ತರ ಕೊಟ್ಟು ಬೇರೆಲ್ಲಿಗೋ ಹೋಗುತ್ತಾರೆ. ಗೋಡೆಯ ಮೇಲೆ ಹುಳು ಹರಿಯುತ್ತಿದೆ, ಯಾರೋ ಬಂದು ನಿಂತಿದ್ದಾರೆ ಎನ್ನುತ್ತಾರೆ. ಸಲೈನ್ ನಳಿಕೆ ಕಿತ್ತು ‘ನಾನು ಮನೆಗೆ ಹೋಗುತ್ತೇನೆ’ ಎಂದು ಏಳುತ್ತಾರೆ.

ಇದರ ಇನ್ನೊಂದು ರೂಪ ಸದ್ದಿಲ್ಲದ್ದು. ರೋಗಿ ಕೂಗುವುದಿಲ್ಲ, ಹೊಡೆಯುವುದಿಲ್ಲ. ಸುಮ್ಮನೆ ಮುದುಡಿ ಮಲಗಿರುತ್ತಾರೆ, ಕರೆದರೆ ತೂಕಡಿಸುತ್ತಾ ಕಣ್ಣು ಬಿಡುತ್ತಾರೆ, ಊಟ ಬೇಡ ಎನ್ನುತ್ತಾರೆ. ‘ಪಾಪ, ಸುಸ್ತಾಗಿದೆ, ಮಲಗಲಿ’ ಎಂದು ಎಲ್ಲರೂ ಬಿಟ್ಟುಬಿಡುತ್ತಾರೆ. ಗಲಾಟೆ ಮಾಡುವ ರೋಗಿಯ ಕಡೆಗೆ ವೈದ್ಯರ ಗಮನವಾದರೂ ಹೋಗುತ್ತದೆ. ಸುಮ್ಮನಿರುವ ಅಜ್ಜಿಯ ಸನ್ನಿ ಯಾರ ಕಣ್ಣಿಗೂ ಬೀಳದೆ ಉಳಿಯುವುದೇ ಹೆಚ್ಚು. ಇದು ಹೆಚ್ಚು ಅಪಾಯಕಾರಿ ಕೂಡಾ.

1901ರಲ್ಲಿ ಸ್ಥಾಪನೆಯಾದ ಮಾನಸಿಕ ಆಸ್ಪತ್ರೆ ಇರುವ ಕಾರಣ, ‘ಥಾಣೆಗೆ ಕಳುಹಿಸಬೇಕು’ ಎಂಬ ಮಾತು ಮುಂಬಯಿಯಲ್ಲಿ ಹಳೆಯ ಕುಚೋದ್ಯ. ಬಹುಶಃ ಆ ಹೆದರಿಕೆಯಿಂದಲೇ ನಮ್ಮ ಅನೇಕ ಕುಟುಂಬಗಳು ತಂದೆ-ತಾಯಿಯ ಇಂಥ ವರ್ತನೆಯನ್ನು ನೆಂಟರಿಷ್ಟರಿಂದ, ಕೆಲವೊಮ್ಮೆ ವೈದ್ಯರಿಂದಲೂ ಮುಚ್ಚಿಡುತ್ತವೆ. ಮುಚ್ಚಿಡುವ ಅಗತ್ಯವಿಲ್ಲ. ಸನ್ನಿ ದೇಹದ ಯಾವುದೋ ತೊಂದರೆಗೆ ಮಿದುಳು ಕೊಡುವ ಎಚ್ಚರಿಕೆಯ ಗಂಟೆ. ಎದೆನೋವಿನಷ್ಟೇ ತುರ್ತಾಗಿ ಅದನ್ನು ವೈದ್ಯರಿಗೆ ತಿಳಿಸಬೇಕು.

ಎಷ್ಟು ಮಂದಿಗೆ, ಯಾವ ಕಾರಣಕ್ಕೆ?

ಸಾಮಾನ್ಯ ವಾರ್ಡಿಗೆ ದಾಖಲಾಗುವ ಹಿರಿಯ ರೋಗಿಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಇದು ಬರುತ್ತದೆ ಎಂದು ವಿವಿಧ ದೇಶಗಳ ಅಧ್ಯಯನಗಳು ಹೇಳುತ್ತವೆ. ಬಿದ್ದು ಸೊಂಟದ ಮೂಳೆ ಮುರಿದವರಲ್ಲಿ, ಐಸಿಯುವಿನಲ್ಲಿ ಉಸಿರಾಟದ ಯಂತ್ರಕ್ಕೆ ಹಾಕಲ್ಪಟ್ಟವರಲ್ಲಿ ಪ್ರಮಾಣ ಇನ್ನೂ ಹೆಚ್ಚು. ಸನ್ನಿ ಬಂದವರು ಹೆಚ್ಚು ದಿನ ಆಸ್ಪತ್ರೆಯಲ್ಲಿರುತ್ತಾರೆ, ಹೆಚ್ಚು ಬೀಳುತ್ತಾರೆ, ಸಾವಿನ ಅಪಾಯವೂ ಜಾಸ್ತಿ. ಗುಣವಾಗಿ ಮನೆಗೆ ಬಂದ ಮೇಲೂ ಮರೆಗುಳಿತನದ ಸಾಧ್ಯತೆ ಇವರಲ್ಲಿ ಹೆಚ್ಚು. ‘ಆಪರೇಷನ್ ಚೆನ್ನಾಗಿಯೇ ಆಯಿತು, ಆದರೆ ಅಪ್ಪ ಮೊದಲಿನಂತೆ ಆಗಲೇ ಇಲ್ಲ’ ಎಂದು ನಮ್ಮವರು ಹೇಳುವ ಮಾತಿನ ಹಿಂದೆ ಎಷ್ಟೋ ಸಲ ಗುರುತಿಸದೇ ಹೋದ ಸನ್ನಿ ಇರುತ್ತದೆ.

ಕಾರಣ ಒಂದೇ ಇರುವುದಿಲ್ಲ. ವಯಸ್ಸು, ಮೊದಲೇ ಇದ್ದ ಮರೆವು, ಕಿವಿ-ಕಣ್ಣಿನ ದೋಷ ಇವು ಒಣಗಿದ ಹುಲ್ಲಿನಂತೆ. ಅದರ ಮೇಲೆ ಬೀಳುವ ಕಿಡಿಗಳು ಹಲವು: ಮೂತ್ರದ ಅಥವಾ ಶ್ವಾಸಕೋಶದ ಸೋಂಕು, ರಕ್ತದಲ್ಲಿ ಸೋಡಿಯಂ ಇಳಿಯುವುದು, ನೀರು ಸಾಲದಿರುವುದು, ನೋವು, ಮಲಬದ್ಧತೆ, ಮೂತ್ರ ಕಟ್ಟುವುದು, ಆಮ್ಲಜನಕದ ಕೊರತೆ, ನಿದ್ದೆಗೇಡು. ನಿದ್ದೆಗಾಗಿ ಕೊಡುವ ಡಯಾಜೆಪಾಮ್, ಆಲ್ಪ್ರಜೊಲಾಮ್‌ನಂಥ ಮಾತ್ರೆಗಳು, ತೂಕಡಿಕೆ ತರುವ ಕೆಲವು ನೆಗಡಿ-ಅಲರ್ಜಿ ಮಾತ್ರೆಗಳೂ ಹಿರಿಯರಲ್ಲಿ ಸನ್ನಿ ತರಿಸಬಲ್ಲವು. ಮನೆಯಲ್ಲಿ ವರ್ಷಗಟ್ಟಲೆ ತೆಗೆದುಕೊಳ್ಳುತ್ತಿದ್ದ ನಿದ್ದೆ ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಿದರೂ ಅದೇ ಗತಿ.

ಇನ್ನೊಂದು ಕಾರಣವನ್ನು ಹೇಳಲು ನಮ್ಮವರು ಹಿಂಜರಿಯುತ್ತಾರೆ. ದಿನಾ ರಾತ್ರಿ ಎರಡು ಪೆಗ್ ಹಾಕುವ ಅಭ್ಯಾಸವಿದ್ದವರು ಆಸ್ಪತ್ರೆ ಸೇರಿದಾಗ ಕುಡಿತ ಥಟ್ಟನೆ ನಿಲ್ಲುತ್ತದೆ. ಎರಡನೇ ಅಥವಾ ಮೂರನೇ ದಿನ ಕೈ ನಡುಕ, ಬೆವರು, ಭ್ರಮೆ ಶುರುವಾಗುತ್ತದೆ. ಇದು ಪ್ರಾಣಕ್ಕೆ ಎರವಾಗಬಹುದಾದ ಸ್ಥಿತಿ, ಇದರ ಚಿಕಿತ್ಸೆಯೂ ಬೇರೆ. ದಾಖಲಿಸುವಾಗ ‘ಕುಡಿಯುತ್ತಾರಾ?’ ಎಂದು ಕೇಳಿದರೆ ಮರ್ಯಾದೆಗೆ ಅಂಜಿ ‘ಇಲ್ಲ’ ಎನ್ನುವುದು ತಂದೆಯವರಿಗೆ ಮಾಡುವ ದೊಡ್ಡ ಅಪಚಾರ.

ಭಾಷೆಯ ಗೋಡೆ

ಇಷ್ಟರವರೆಗೆ ಹೇಳಿದ್ದು ಜಗತ್ತಿನ ಎಲ್ಲ ಹಿರಿಯರಿಗೂ ಅನ್ವಯಿಸುತ್ತದೆ. ಹೊರನಾಡಿನಲ್ಲಿರುವ ನಮಗೆ ಅದರ ಮೇಲೆ ಇನ್ನೊಂದು ಹೊರೆಯಿದೆ, ಅದು ಭಾಷೆಯದು.

ನಲವತ್ತು-ಐವತ್ತು ವರ್ಷ ಇಲ್ಲಿ ದುಡಿದ ತಂದೆಯವರಿಗೆ ಹಿಂದಿ, ಮರಾಠಿ ಸಲೀಸು. ಆದರೆ ಮಗ ಡೊಂಬಿವಲಿಯಲ್ಲೋ ಘನ್ಸೋಲಿಯಲ್ಲೋ ಫ್ಲ್ಯಾಟ್ ಖರೀದಿಸಿದ ಮೇಲೆ ಊರಿನ ಮನೆಗೆ ಬೀಗ ಹಾಕಿ ಬಂದ ತಾಯಿಗೆ ತುಳು ಅಥವಾ ಕನ್ನಡ ಬಿಟ್ಟು ಬೇರೆ ಬಾರದು. ಕಲಬುರಗಿ, ವಿಜಯಪುರ, ಯಾದಗಿರಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮನೆಯ ಹಿರಿಯರ ಸ್ಥಿತಿಯೂ ಇದೇ. ಅಷ್ಟೇಕೆ, ಹಿಂದಿ ಬಲ್ಲ ತಂದೆಯವರು ಕೂಡಾ ಜ್ವರ-ನೋವಿನ ನಡುವೆ ಕಲಿತ ಭಾಷೆಯನ್ನು ಬಿಟ್ಟು ತಾಯಿನುಡಿಗೆ ಮರಳಿದರೆ ಆಶ್ಚರ್ಯವಿಲ್ಲ.

ವಾರ್ಡಿನಲ್ಲಿ ಮರಾಠಿ ಮಾತಾಡುವ ಮಾವ್ಶಿ, ಕೇರಳದ ದಾದಿ, ಹಿಂದಿ-ಇಂಗ್ಲಿಷ್ ಮಾತಾಡುವ ಯುವ ವೈದ್ಯರು ಇರುತ್ತಾರೆ. ಅವರ್‍ಯಾರದೂ ತಪ್ಪಲ್ಲ. ಆದರೆ ‘ಆಜ್ ಕೌನ್ಸಾ ದಿನ್ ಹೈ?’ ಎಂಬ ಪ್ರಶ್ನೆಗೆ ಅಜ್ಜಿ ಮಿಕಿಮಿಕಿ ನೋಡಿದರೆ ಎರಡು ಬಗೆಯ ಎಡವಟ್ಟು ಆಗಬಹುದು. ಸರಿಯಿರುವ ಅಜ್ಜಿಯನ್ನು ‘ಗೊಂದಲದಲ್ಲಿದ್ದಾರೆ’ ಎಂದು ಬರೆಯಬಹುದು. ಅಥವಾ ನಿಜವಾಗಿಯೂ ಸನ್ನಿ ಹಿಡಿದಿರುವಾಗ ‘ಭಾಷೆ ಬರುವುದಿಲ್ಲ, ಅದಕ್ಕೆ ಸುಮ್ಮನಿದ್ದಾರೆ’ ಎಂದು ಬಿಟ್ಟುಬಿಡಬಹುದು. ಎರಡನೆಯದು ಹೆಚ್ಚು ಘಾತಕ.

ಇನ್ನು, ದಿನ-ತಾರೀಕನ್ನು ಇಂಗ್ಲಿಷ್ ಕ್ಯಾಲೆಂಡರಿನಿಂದ ಲೆಕ್ಕ ಹಾಕದ ಹಿರಿಯರೂ ನಮ್ಮಲ್ಲಿದ್ದಾರೆ. ‘ಆಗಸ್ಟ್ ಎಷ್ಟು?’ ಎಂದರೆ ಗೊತ್ತಿಲ್ಲದವರು, ‘ಆಟಿ ಮುಗಿಯಿತೇ, ಸೋಣ ಬಂತೇ?’ ಎಂದರೆ ಥಟ್ಟನೆ ಉತ್ತರಿಸುತ್ತಾರೆ. ಇದನ್ನು ತಿಳಿದಿರುವುದು ಮನೆಯವರಿಗೆ ಮತ್ತು ಊರಿನವರಿಗೆ ಮಾತ್ರ. 2011ರ ಜನಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಬರೆಸಿದವರೇ ಸುಮಾರು 10 ಲಕ್ಷ, ತುಳುವರ ಲೆಕ್ಕ ಬೇರೆ. ಇಷ್ಟು ದೊಡ್ಡ ಸಮುದಾಯದ ಹಿರಿಯರು ಆಸ್ಪತ್ರೆಯಲ್ಲಿ ಮೂಕರಾಗುವುದು ಸಣ್ಣ ಸಂಗತಿಯಲ್ಲ.

ಸಂಶೋಧನೆ ಏನು ಹೇಳುತ್ತದೆ?

ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿದ್ದ ಡಾ. ಶರಾನ್ ಇನೌಯೆ ಮತ್ತು ಸಂಗಡಿಗರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 70 ದಾಟಿದ 852 ರೋಗಿಗಳಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಚಿಕಿತ್ಸೆ. ಇನ್ನರ್ಧ ಮಂದಿಗೆ ಅದರ ಜತೆಗೆ ತರಬೇತಾದ ಸ್ವಯಂಸೇವಕರಿಂದ ದೈನಂದಿನ ಉಪಚಾರ: ದಿನ, ಸ್ಥಳ, ಹೆಸರುಗಳನ್ನು ನೆನಪಿಸುವುದು, ಮಾತಾಡಿಸುವುದು, ಎಬ್ಬಿಸಿ ನಡೆಸುವುದು, ಕನ್ನಡಕ ಹಾಗೂ ಕಿವಿಯಂತ್ರ ಹಾಕಿಸುವುದು, ನೀರು ಕುಡಿಸುವುದು, ರಾತ್ರಿ ಮಾತ್ರೆಯ ಬದಲು ಬಿಸಿ ಪಾನೀಯ ಕೊಟ್ಟು ಬೆನ್ನು ನೀವಿ ನಿದ್ದೆ ಬರಿಸುವುದು. ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 15ರಷ್ಟು ಮಂದಿಗೆ ಸನ್ನಿ ಬಂದರೆ, ಉಪಚಾರ ಪಡೆದವರಲ್ಲಿ ಅದು ಶೇ. 9.9ಕ್ಕೆ ಇಳಿಯಿತು. ಇನ್ನೊಂದು ಅಂಶವನ್ನೂ ಅವರು ಗಮನಿಸಿದರು: ಒಮ್ಮೆ ಸನ್ನಿ ಬಂದ ಮೇಲೆ ಅದರ ತೀವ್ರತೆಯನ್ನು ತಗ್ಗಿಸಲು ಈ ಉಪಚಾರದಿಂದ ಹೆಚ್ಚು ಪ್ರಯೋಜನವಾಗಲಿಲ್ಲ. ಅಂದರೆ, ಮೊದಲ ದಿನದಿಂದಲೇ ಮಾಡಬೇಕು.

ಏಷ್ಯಾದ ಅನುಭವ ನಮಗೆ ಇನ್ನೂ ಹತ್ತಿರದ್ದು. ತೈವಾನಿನಲ್ಲಿ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಗೆ ಒಳಗಾದ ಹಿರಿಯರಿಗೆ ಮಾತು, ಆಹಾರ, ನಡಿಗೆ ಎಂಬ ಮೂರೇ ಉಪಚಾರಗಳನ್ನು ನೀಡಿದಾಗ ಸನ್ನಿಯ ಪ್ರಮಾಣ ಶೇ. 15.1ರಿಂದ ಶೇ. 6.6ಕ್ಕೆ ಇಳಿದದ್ದು 2017ರಲ್ಲಿ ವರದಿಯಾಯಿತು. ಚೀನಾದ ಚೆಂಗ್ಡುವಿನಲ್ಲಿ ಸ್ವಯಂಸೇವಕರ ಬದಲು ಮನೆಯವರನ್ನೇ ತರಬೇತುಗೊಳಿಸಿ ದಾದಿಯರ ಜತೆ ಸೇರಿಸಲಾಯಿತು. 2020ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಮಾಮೂಲಿ ಚಿಕಿತ್ಸೆಯವರಲ್ಲಿ ಶೇ. 19.4 ಇದ್ದದ್ದು, ಮನೆಯವರ ಉಪಚಾರ ಪಡೆದವರಲ್ಲಿ ಬರೇ ಶೇ. 2.6. ರೋಗಿಯ ಜತೆ ಮನೆಯವರು ಇರುವ ಪದ್ಧತಿ ನಮ್ಮಲ್ಲಿ ಮೊದಲಿನಿಂದಲೂ ಇದೆ. ಅದಕ್ಕೆ ತಿಳಿವಳಿಕೆಯನ್ನು ಸೇರಿಸುವುದಷ್ಟೇ ಬಾಕಿ.

ತಿಳಿವಳಿಕೆ ಏಕೆ ಬೇಕು ಎಂಬುದಕ್ಕೆ ಬ್ರೆಜಿಲ್‌ನ ಉದಾಹರಣೆ ಇದೆ. ಅಲ್ಲಿನ 36 ಐಸಿಯುಗಳಲ್ಲಿ ಮನೆಯವರ ಭೇಟಿಯ ವೇಳೆಯನ್ನು ದಿನಕ್ಕೆ 12 ಗಂಟೆಯವರೆಗೆ ವಿಸ್ತರಿಸಿ ನೋಡಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸನ್ನಿಯ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ (ಶೇ. 20.1ರ ಬದಲು ಶೇ. 18.9). ಮನೆಯವರ ಆತಂಕ ಮಾತ್ರ ಕಡಿಮೆಯಾಯಿತು. ಐಸಿಯುವಿನ ರೋಗಿಗಳ ಕಾಯಿಲೆ ಗಂಭೀರವಾದದ್ದು ಎಂಬುದು ನಿಜ. ಆದರೂ ಅದರಿಂದ ತಿಳಿಯಬೇಕಾದ್ದಿದೆ. ಪಕ್ಕದಲ್ಲಿ ಕೂತು ಮೊಬೈಲ್ ನೋಡುತ್ತಿದ್ದರೆ, ಬಂದವರೆಲ್ಲ ರೋಗಿಯ ತಲೆಯ ಮೇಲಿಂದ ತಮ್ಮೊಳಗೇ ಮಾತಾಡುತ್ತಿದ್ದರೆ ಫಲವಿಲ್ಲ. ಕೂತವರಿಗೆ ಏನು ಮಾಡಬೇಕೆಂದು ಗೊತ್ತಿರಬೇಕು.

ಲೋಕಲ್ ರೈಲಿನ ಲೆಕ್ಕ

ಗೊತ್ತಿದ್ದರೂ ಕೂರುವವರು ಯಾರು ಎಂಬುದು ನಮ್ಮ ಉಪನಗರಗಳ ನಿಜವಾದ ಸಮಸ್ಯೆ. ಬೆಳಿಗ್ಗೆ ಏಳೂವರೆಯ ಲೋಕಲ್ ಹಿಡಿದು ಸಿಎಸ್‌ಎಂಟಿಗೋ ಲೋವರ್ ಪರೇಲಿಗೋ ಹೋಗುವ ಮಗ-ಸೊಸೆ ಡೊಂಬಿವಲಿ, ಕಲ್ಯಾಣಿಗೆ ಮರಳುವಾಗ ರಾತ್ರಿ ಎಂಟೂವರೆ. ವಾರ್ಡಿನ ಭೇಟಿಯ ವೇಳೆ ಸಂಜೆ ಒಂದೆರಡು ಗಂಟೆ ಮಾತ್ರ. ರೋಗಿಯ ಮನಸ್ಸು ಹೆಚ್ಚು ಕೆಡುವ ಸಂಜೆಯ ಹೊತ್ತಿಗೆ ಮನೆಯವರು ರೈಲಿನ ಬಾಗಿಲಲ್ಲಿ ನೇತಾಡುತ್ತಿರುತ್ತಾರೆ. ಹನ್ನೆರಡು ತಾಸಿನ ಪಾಳಿಗೆ ಬ್ಯೂರೋದಿಂದ ಆಯಾ ತರಿಸಿದರೆ ಅವಳಿಗೆ ಅಜ್ಜಿಯ ಭಾಷೆ ಬಾರದು.

ಹೋಟೆಲುಗಳಲ್ಲಿ ದುಡಿದು ಅಲ್ಲೇ ಮಲಗಿ ಬದುಕು ಸವೆಸಿದ, ಸಂಸಾರ ಊರಲ್ಲೇ ಇರುವ ಅಥವಾ ಸಂಸಾರವೇ ಇಲ್ಲದ ಹಿರಿಯರ ಪಾಡು ಇದಕ್ಕಿಂತ ಕಷ್ಟ. ಅವರ ಹಾಸಿಗೆಯ ಪಕ್ಕ ಯಾರೂ ಇರುವುದಿಲ್ಲ.

ಸ್ಥಳ ಬದಲಾವಣೆಯೂ ಸೇರುತ್ತದೆ. ಕಲ್ಯಾಣಿನ ರುಕ್ಮಿಣಿಬಾಯಿ ಅಥವಾ ಡೊಂಬಿವಲಿಯ ಶಾಸ್ತ್ರಿನಗರ ಪಾಲಿಕೆ ಆಸ್ಪತ್ರೆಗೆ ಹೋದವರಿಗೆ ಹೆಚ್ಚಿನ ಚಿಕಿತ್ಸೆ ಬೇಕಾದಾಗ ಕಳ್ವಾದ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆಗೆ, ಅಲ್ಲಿಂದಲೂ ಮುಂದೆ ಮುಂಬಯಿಯ ಸಾಯನ್, ಕೆಇಎಂಗೆ ಹೋಗಬೇಕಾಗಿ ಬರುತ್ತದೆ. ಚಿಕಿತ್ಸೆಗೆ ಇದು ಅನಿವಾರ್ಯ ಇರಬಹುದು. ಆದರೆ ಎರಡು ದಿನಗಳಲ್ಲಿ ಮೂರು ಕಟ್ಟಡ, ಮೂರು ಹಾಸಿಗೆ, ಪ್ರತಿ ಸಲ ಹೊಸ ಮುಖಗಳು ಎಂದಾದರೆ ಎಂಬತ್ತರ ಮಿದುಳು ದಿಕ್ಕು ತಪ್ಪದೆ ಇರುವುದು ಕಷ್ಟ. ಪ್ರತಿ ಬದಲಾವಣೆಯಲ್ಲೂ ಪರಿಚಿತರೊಬ್ಬರು ಜತೆಗಿದ್ದರೆ ಅದೇ ಅವರಿಗೆ ಊರುಗೋಲು.

ಮನೆಯವರು ಗಮನಿಸಬೇಕಾದ್ದು

ಆಸ್ಪತ್ರೆಗೆ ಹೊರಡುವಾಗ ಆಧಾರ್ ಮತ್ತು ವಯ ವಂದನಾ ಕಾರ್ಡಿನ ಜತೆ ಕನ್ನಡಕ, ಕಿವಿಯಂತ್ರ ಮತ್ತು ಅದರ ಸೆಲ್, ಹಲ್ಲಿನ ಸೆಟ್ ಒಯ್ಯಬೇಕು. ಕಳೆದುಹೋದೀತು ಎಂದು ಮನೆಯಲ್ಲಿ ಬಿಟ್ಟು ಬಂದರೆ ಕಾಣದ, ಕೇಳದ, ತಿನ್ನಲಾಗದ ವ್ಯಕ್ತಿಯನ್ನು ಆಸ್ಪತ್ರೆಗೆ ಸೇರಿಸಿದಂತೆ. ತೆಗೆದುಕೊಳ್ಳುವ ಎಲ್ಲ ಮದ್ದುಗಳನ್ನು, ಆಯುರ್ವೇದದ್ದಾಗಲಿ ನಿದ್ದೆಯದ್ದಾಗಲಿ, ಚೀಲದಲ್ಲಿ ಹಾಕಿ ವೈದ್ಯರಿಗೆ ತೋರಿಸಬೇಕು.

ಬೆಳಿಗ್ಗೆ ಮುಖ ತೊಳೆಸಿ ಕನ್ನಡಕ ಹಾಕಿಸಿ, ಕಿಟಕಿಯ ಪರದೆ ಸರಿಸಿ, ಇಂದು ಯಾವ ವಾರ, ಎಲ್ಲಿದ್ದೇವೆ, ಏಕೆ ಬಂದಿದ್ದೇವೆ ಎಂದು ಸಹಜ ಮಾತಿನಲ್ಲಿ ಹೇಳಬೇಕು. ಪರೀಕ್ಷೆಯಂತೆ ಪ್ರಶ್ನೆ ಕೇಳಿ ದಣಿಸಬಾರದು. ವೈದ್ಯರು ಅನುಮತಿಸಿದ ಕೂಡಲೇ ಎಬ್ಬಿಸಿ ಕೂರಿಸುವುದು, ಕುರ್ಚಿಯಲ್ಲಿ ಊಟ, ನಾಲ್ಕು ಹೆಜ್ಜೆ ನಡಿಗೆ. ನೀರಿಗೆ ನಿರ್ಬಂಧ ಇಲ್ಲದವರಿಗೆ ಆಗಾಗ್ಗೆ ನೀರು, ಗಂಜಿ, ಮಜ್ಜಿಗೆ. ಮಲವಿಸರ್ಜನೆ ಆಗಿದೆಯೇ, ನೋವಿದೆಯೇ ಎಂದು ಕೇಳಬೇಕು. ಸಂಕೋಚದಿಂದ ಹಿರಿಯರು ತಾವಾಗಿ ಹೇಳುವುದಿಲ್ಲ. ಮೂತ್ರದ ನಳಿಕೆ ಹಾಕಿದ್ದರೆ ‘ಇದು ಇನ್ನೂ ಬೇಕೇ?’ ಎಂದು ವೈದ್ಯರನ್ನು ವಿನಯದಿಂದ ವಿಚಾರಿಸಬೇಕು. ರಾತ್ರಿ ದೀಪ ಮಂದ ಮಾಡಿ, ಮೊಬೈಲ್ ಸದ್ದು ನಿಲ್ಲಿಸಿ ನಿದ್ದೆಗೆ ಅನುವು ಮಾಡಿಕೊಡಬೇಕು.

ಭ್ರಮೆಯಲ್ಲಿ ಮಾತಾಡಿದರೆ ವಾದಿಸಬಾರದು, ಗದರಬಾರದು, ನಗಲೂಬಾರದು. ‘ಹೆದರಬೇಡಿ, ನಾನಿದ್ದೇನೆ’ ಎಂದು ಕೈ ಹಿಡಿದರೆ ಸಾಕು. ಕೈಕಾಲು ಕಟ್ಟಿಹಾಕಿದರೆ ಸನ್ನಿ ಹೆಚ್ಚುತ್ತದೆ, ಗಾಯವೂ ಆಗುತ್ತದೆ. ಕಟ್ಟುವ ಮಾತು ಬಂದರೆ, ‘ನಾವು ಒಬ್ಬರು ಪಕ್ಕದಲ್ಲಿ ಇರುತ್ತೇವೆ, ಕಟ್ಟಬೇಡಿ’ ಎಂದು ಕೇಳಿಕೊಳ್ಳಬಹುದು.

ಮುಖ್ಯವಾಗಿ, ‘ಇವರು ಮೊದಲಿನಂತಿಲ್ಲ’ ಎಂಬುದು ಮೊದಲು ಗೊತ್ತಾಗುವುದು ಮನೆಯವರಿಗೇ. ದಾದಿಯ ಬಳಿ ಹೋಗಿ ಮರಾಠಿಯಲ್ಲಿ, ‘ಆಯಿ ಕಾಲ್‌ಪರ್ಯಂತ್ ಬರೀ ಹೋತೀ, ಆಜ್ ಅಚಾನಕ್ ಗೋಂಧಳಲ್ಯಾಸಾರಖೀ ವಾಗತೇ’ (ತಾಯಿ ನಿನ್ನೆಯವರೆಗೆ ಸರಿ ಇದ್ದರು, ಇವತ್ತು ದಿಢೀರನೆ ಗಲಿಬಿಲಿಗೊಂಡಂತೆ ಇದ್ದಾರೆ) ಎಂದು ಹೇಳಬೇಕು. ‘ಅಚಾನಕ್’ ಎಂಬ ಶಬ್ದವನ್ನು ಬಿಡಬಾರದು. ವೈದ್ಯರು ಸೋಂಕು, ಸೋಡಿಯಂ, ಸಕ್ಕರೆ, ಆಮ್ಲಜನಕ, ಮದ್ದುಗಳನ್ನು ಪರಿಶೀಲಿಸಲು ಆ ಒಂದು ಶಬ್ದವೇ ದಾರಿ.

ಸಂಘಗಳಿಂದ ಏನು ಸಾಧ್ಯ?

ಡೊಂಬಿವಲಿ ಕರ್ನಾಟಕ ಸಂಘ, ವಾಶಿಯ ನವಿಮುಂಬಯಿ ಕನ್ನಡ ಸಂಘ, ಥಾಣೆಯ ನವೋದಯ ಕನ್ನಡ ಸೇವಾ ಸಂಘ, ಕಲ್ಯಾಣಿನ ಕರ್ನಾಟಕ ಸಂಘ, ಜತೆಗೆ ವಿವಿಧ ಸಮಾಜ ಸಂಘಟನೆಗಳ ಪ್ರಾದೇಶಿಕ ಸಮಿತಿಗಳು, ಭಜನಾ ಮಂಡಳಿಗಳು, ಅವುಗಳ ಮಹಿಳಾ ಮತ್ತು ಯುವ ವಿಭಾಗಗಳು ಹೀಗೆ ನಮ್ಮಲ್ಲಿ ಸಂಘಟನೆಗೆ ಕೊರತೆಯಿಲ್ಲ. ಯಕ್ಷಗಾನ, ಶನಿಪೂಜೆ, ಕ್ರೀಡೋತ್ಸವ, ವಿದ್ಯಾರ್ಥಿವೇತನಕ್ಕೆ ದುಡಿಯುವ ಕೈಗಳಲ್ಲಿ ಹತ್ತರಲ್ಲಿ ಒಂದು ಈ ಕೆಲಸಕ್ಕೆ ಬಂದರೂ ಸಾಕು.

ಮೊದಲನೆಯದಾಗಿ, ರೈಲು ನಿಲ್ದಾಣವಾರು ಒಂದು ಪಟ್ಟಿ. ಥಾಣೆ, ಡೊಂಬಿವಲಿ, ಕಲ್ಯಾಣ್, ವಾಶಿ, ನೆರೂಲ್ ಒಂದೊಂದರಲ್ಲೂ ಹಗಲು ಬಿಡುವಿರುವ ಎಂಟು-ಹತ್ತು ಮಂದಿ ಸಾಕು. ನಿವೃತ್ತ ಬ್ಯಾಂಕ್ ನೌಕರರು, ಶಿಕ್ಷಕಿಯರು, ಗೃಹಿಣಿಯರು ಇದ್ದಾರೆ. ಒಬ್ಬರು ಎರಡು ಗಂಟೆಯಂತೆ, ಅದರಲ್ಲೂ ಮಧ್ಯಾಹ್ನ ಮೂರರಿಂದ ಮಗ ಬರುವ ಹೊತ್ತಿನವರೆಗೆ ಸರದಿ. ಕುಟುಂಬದವರ ಒಪ್ಪಿಗೆ, ಆಸ್ಪತ್ರೆಯ ಅನುಮತಿ, ಗುರುತು ಚೀಟಿ ಇವು ಕಡ್ಡಾಯ.

ಎರಡನೆಯದು, ಒಂದು ಭಾನುವಾರದ ತರಬೇತಿ. ನಮ್ಮ ಸಮಾಜದಲ್ಲೇ ವೈದ್ಯರು, ದಾದಿಯರು ಸಾಕಷ್ಟಿದ್ದಾರೆ. ಏನು ಮಾಡಬೇಕು ಎಂಬುದರಷ್ಟೇ ಏನು ಮಾಡಬಾರದು ಎಂಬುದನ್ನೂ ಅವರು ಕಲಿಸಬೇಕು. ದಾದಿಯನ್ನು ಕೇಳದೆ ಏನನ್ನೂ ತಿನ್ನಿಸಬಾರದು, ಅರೆನಿದ್ದೆಯಲ್ಲಿರುವವರಿಗೆ ಕುಡಿಸಿದರೆ ಶ್ವಾಸಕೋಶಕ್ಕೆ ಹೋಗುವ ಅಪಾಯವಿದೆ. ಮೂಳೆ ಮುರಿದವರನ್ನು ತಾವಾಗಿ ಎಬ್ಬಿಸಬಾರದು. ಕೆಮ್ಮು-ಜ್ವರ ಇರುವ ದಿನ ಹೋಗಬಾರದು. ಆಸ್ತಿ, ಕೋರ್ಟು, ಮನೆಜಗಳದ ಮಾತು ಎತ್ತಬಾರದು. ಅಲ್ಲಿ ಕಂಡದ್ದನ್ನು ಹೊರಗೆ ಆಡಬಾರದು.

ಮೂರನೆಯದು, ಒಂದು ಪುಟದ ಪರಿಚಯ ಪತ್ರ. ರೋಗಿಯನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೆ, ಯಾವ ಭಾಷೆ, ಯಾವ ಕಿವಿ ಕೇಳುತ್ತದೆ, ಕಾಫಿಯೋ ಚಹಾವೋ, ಏನೆಂದರೆ ಹೆದರಿಕೆ, ಮೊದಲು ನೆನಪು ಹೇಗಿತ್ತು ಎಂಬ ವಿವರ ಕನ್ನಡ ಮತ್ತು ಮರಾಠಿ ಎರಡರಲ್ಲೂ. ಜತೆಗೆ ‘ನೀರು ಬೇಕು, ನೋವಿದೆ, ಮೂತ್ರಕ್ಕೆ ಹೋಗಬೇಕು, ಚಳಿಯಾಗುತ್ತಿದೆ’ ಎಂಬ ಹತ್ತು ಮಾತುಗಳು ಚಿತ್ರಸಹಿತ. ಮುದ್ರಣಕ್ಕೆ ತಗಲುವ ಖರ್ಚು ಒಂದು ಬ್ಯಾನರಿನ ಖರ್ಚಿಗಿಂತ ಹೆಚ್ಚಲ್ಲ.

ನಾಲ್ಕನೆಯದು, ನಮ್ಮ ಉಚಿತ ವೈದ್ಯಕೀಯ ತಪಾಸಣಾ ಶಿಬಿರಗಳ ಸ್ವರೂಪ. ಬಿಪಿ, ಶುಗರ್ ನೋಡುವುದರ ಜತೆಗೆ ಹಿರಿಯರ ಶ್ರವಣ ತಪಾಸಣೆ, ಕಣ್ಣಿನ ಪೊರೆ, ನಿದ್ದೆ ಮಾತ್ರೆಗಳ ಪರಿಶೀಲನೆ ಸೇರಬೇಕು. ಕಿವಿಯಂತ್ರಕ್ಕೆ ನೆರವಾಗುವ ದಾನಿಗಳು ಮುಂದೆ ಬಂದರೆ ಅದು ನೇರವಾಗಿ ಸನ್ನಿಯ ತಡೆಗೆ ಸಂದ ದಾನ.

ಆಸ್ಪತ್ರೆ, ಪಾಲಿಕೆಗಳ ಮುಂದೆ ಇಡಬೇಕಾದ ಬೇಡಿಕೆ

ಥಾಣೆ, ಕಲ್ಯಾಣ್-ಡೊಂಬಿವಲಿ, ನವಿಮುಂಬಯಿ ಮಹಾನಗರ ಪಾಲಿಕೆಗಳ ಮುಂದೆ ನಮ್ಮ ಸಂಘಗಳು ಒಟ್ಟಾಗಿ, ಇತರ ಭಾಷಿಕ ಸಂಘಗಳನ್ನೂ ಸೇರಿಸಿಕೊಂಡು ಬೇಡಿಕೆ ಇಡಬಹುದು. ಪ್ರತಿ ವಾರ್ಡಿನಲ್ಲಿ ಕಾಣುವಂತೆ ದೊಡ್ಡ ಗಡಿಯಾರ ಮತ್ತು ಕ್ಯಾಲೆಂಡರ್, 70 ದಾಟಿದವರ ಜತೆ ಒಬ್ಬರಿಗೆ ಇಡೀ ದಿನ ಇರುವ ಪಾಸ್, ಅನಿವಾರ್ಯವಲ್ಲದೆ ರಾತ್ರಿ ಹಾಸಿಗೆ ಬದಲಿಸದಿರುವುದು, ದಾಖಲಾದ ದಿನ ಸನ್ನಿಯ ತಪಾಸಣೆ. ‘4ಎಟಿ’ ಎಂಬ ಎರಡು ನಿಮಿಷದ ಪರೀಕ್ಷೆ ಜಗತ್ತಿನ ಹಲವೆಡೆ ಬಳಕೆಯಲ್ಲಿದ್ದು, ಅದಕ್ಕೆ ಶುಲ್ಕವೇನೂ ಇಲ್ಲ. ಭಾಷೆ ಬಾರದಿದ್ದರೆ ದುಭಾಷಿ ಬೇಕು, ಆ ದುಭಾಷಿಯನ್ನು ನಾವು ಕೊಡುತ್ತೇವೆ ಎಂದು ಹೇಳುವ ಶಕ್ತಿ ನಮ್ಮ ಸಂಘಗಳಿಗಿದೆ.

ಆಸ್ಪತ್ರೆಗಳಿಗೂ ಇದರಲ್ಲಿ ಲಾಭವಿದೆ. ಆಯುಷ್ಮಾನ್ ಯೋಜನೆಯಡಿ ಬಹುಪಾಲು ಶಸ್ತ್ರಚಿಕಿತ್ಸೆಗಳಿಗೆ ನಿಗದಿತ ಪ್ಯಾಕೇಜ್ ಮೊತ್ತ ಮಾತ್ರ ಸಿಗುತ್ತದೆ. ಸನ್ನಿಯಿಂದ ಐದು ದಿನದ ರೋಗಿ ಹನ್ನೆರಡು ದಿನ ಉಳಿದರೆ ನಷ್ಟ ಆಸ್ಪತ್ರೆಗೂ ಹೌದು. ಕೇಂದ್ರದ ರಾಷ್ಟ್ರೀಯ ಹಿರಿಯರ ಆರೋಗ್ಯ ಕಾರ್ಯಕ್ರಮ 2010-11ರಲ್ಲೇ ಜಿಲ್ಲಾ ಆಸ್ಪತ್ರೆಗಳಲ್ಲಿ ಹತ್ತು ಹಾಸಿಗೆಗಳ ಹಿರಿಯರ ವಾರ್ಡಿನ ಯೋಜನೆ ಹಾಕಿತ್ತು. ಆ ವಾರ್ಡಿನಲ್ಲಿ ಹಿರಿಯರಿಗೆಂದೇ ಏನು ವ್ಯವಸ್ಥೆ ಇದೆ ಎಂದು ಕೇಳುವ ಹಕ್ಕು ತೆರಿಗೆದಾರರಾದ ನಮಗಿದೆ.

ಮುಂಬಯಿ ದೇವ್ನಾರಿನ ಅಂತಾರಾಷ್ಟ್ರೀಯ ಜನಸಂಖ್ಯಾ ವಿಜ್ಞಾನ ಸಂಸ್ಥೆ ಹಾಗೂ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿ 2023ರಲ್ಲಿ ಹೊರತಂದ ವರದಿಯ ಪ್ರಕಾರ 2050ರ ವೇಳೆಗೆ ಭಾರತದಲ್ಲಿ ಐವರಲ್ಲಿ ಒಬ್ಬರು 60 ದಾಟಿದವರಾಗಿರುತ್ತಾರೆ. ಇಂದು ಸಂಘದ ಕಾರ್ಯಕಾರಿ ಸಮಿತಿಯಲ್ಲಿ ಓಡಾಡುತ್ತಿರುವ ಐವತ್ತರ ಪ್ರಾಯದವರೇ ಆ ಲೆಕ್ಕದಲ್ಲಿದ್ದಾರೆ. ಅವರ ಮಕ್ಕಳು ಬೆಂಗಳೂರಿನಲ್ಲೋ ವಿದೇಶದಲ್ಲೋ ಇರುವ ಸಾಧ್ಯತೆಯೇ ಹೆಚ್ಚು. ಮುಂದಿನ ಮಹಾಸಭೆಯ ಕಾರ್ಯಸೂಚಿಯಲ್ಲಿ ‘ಆಸ್ಪತ್ರೆ ಜತೆಗಾರರ ಪಟ್ಟಿ’ ಎಂಬ ಒಂದು ಸಾಲು ಸೇರಿಸಿ, ಮೊದಲ ಹತ್ತು ಹೆಸರುಗಳನ್ನು ಅಲ್ಲಿಯೇ ಬರೆದುಕೊಂಡರೆ ಕೆಲಸ ಆರಂಭವಾದಂತೆ.